ಗಾಜು ಹಾಕಿಸಿದರೆ ಫೋಟೊ ಮಾಸುವುದಿಲ್ಲವೇ?

"ಫ್ರೇಮಿಗೆ ಗಾಜು ಹಾಕಿಸಿಬಿಡಿ, ಬಣ್ಣ ಹೋಗಲ್ಲ" ಎಂಬ ಮಾತನ್ನು ನೀವೂ ಕೇಳಿರಬಹುದು. ಇದು ಅರ್ಧ ಸತ್ಯ. ಸಾಮಾನ್ಯ ಗಾಜು ನೇರಳಾತೀತ ಕಿರಣಗಳಲ್ಲಿ ಒಂದಷ್ಟನ್ನು ಮಾತ್ರ ತಡೆಯುತ್ತದೆ. ಕಣ್ಣಿಗೆ ಕಾಣುವ ಬೆಳಕೂ ಬಣ್ಣ ಕೆಡಿಸುತ್ತದೆ, ಅದನ್ನಂತೂ ಗಾಜು ತಡೆಯುವುದೇ ಇಲ್ಲ. ಬೇಗ ಮಾಸುವ ಚಿತ್ರಗಳಿರುವ ಕೋಣೆಯಲ್ಲಿ ವಸ್ತುಸಂಗ್ರಹಾಲಯಗಳು ಬೆಳಕನ್ನು ಸುಮಾರು 50 ಲಕ್ಸ್‌ಗೆ ಇಳಿಸುತ್ತವೆ. ಅರಕೇರಾದ ನಡುಮಧ್ಯಾಹ್ನದ ನೇರ ಬಿಸಿಲು ಸುಮಾರು 1 ಲಕ್ಷ ಲಕ್ಸ್!

ಹಾಗಾದರೆ ಗ್ಯಾಲರಿಯ ಫೋಟೊಗಳು ಬಾಳುವುದು ಹೇಗೆ? ಮುಖ್ಯವಾಗಿ ಶಾಯಿಯಿಂದ. ಇಂಕ್‌ಜೆಟ್ ಪ್ರಿಂಟರ್‌ನ ಡೈ ಶಾಯಿಯಲ್ಲಿ ಬಣ್ಣ ನೀರಿನಲ್ಲಿ ಸಕ್ಕರೆಯಂತೆ ಕರಗಿರುತ್ತದೆ, ಬೆಳಕಿಗೆ ಬೇಗ ಒಡೆಯುತ್ತದೆ. ಪಿಗ್ಮೆಂಟ್ ಶಾಯಿಯಲ್ಲಿ ಬಣ್ಣ ಸಣ್ಣ ಕಣಗಳಾಗಿರುತ್ತದೆ. ಬೆಳಕು ಮೊದಲು ಕಣದ ಹೊರಪದರವನ್ನಷ್ಟೇ ಕೆಡಿಸುವುದರಿಂದ ಅದು ಹೆಚ್ಚು ಕಾಲ ಉಳಿಯುತ್ತದೆ. ಪ್ರದರ್ಶನದ ಚಿತ್ರಗಳನ್ನು ಸಾಮಾನ್ಯವಾಗಿ ಈ ಶಾಯಿಯಲ್ಲಿ, ಆಮ್ಲರಹಿತ ಹತ್ತಿ ಕಾಗದದ ಮೇಲೆ ಮುದ್ರಿಸುತ್ತಾರೆ. ಹೌದು, ನಮ್ಮ ರಾಯಚೂರು ಕಡೆ ಬೆಳೆಯುವ ಹತ್ತಿಯೇ.

ಗಾಜು ಬೇಡವೆಂದಲ್ಲ, ಧೂಳಿಗೆ ಬೇಕು. ಆದರೆ ಅದು ಫೋಟೊಗೆ ತಾಗಬಾರದು. ತೇವ ಸೇರಿ ಅಂಟಿಕೊಂಡರೆ ಬಿಡಿಸುವಾಗ ಬಣ್ಣವೇ ಕಿತ್ತುಬರುತ್ತದೆ. ನಡುವೆ ರಟ್ಟಿನ ಮೌಂಟ್ ಹಾಕಿಸಿ. ಪ್ರಿಂಟ್ ಒಂದು ದಿನವಾದರೂ ಒಣಗಿದ ಮೇಲೆಯೇ ಫ್ರೇಮ್ ಮಾಡಿಸಿ. ದುಡ್ಡು ಕೊಡುವ ಮೊದಲು ಸ್ಟುಡಿಯೊದವರನ್ನು ಕೇಳಿ: "ಡೈ ಶಾಯಿಯಾ, ಪಿಗ್ಮೆಂಟಾ?"