ಇಸ್ಪೀಟೆಲೆಯ ಗುಟ್ಟು: ಹೇಳಬಹುದೆ?

ಇಸ್ಪೀಟೆಲೆಗಳ ಚಮತ್ಕಾರವನ್ನು ಒಮ್ಮೆಯಾದರೂ ನೋಡದವರು ವಿರಳ. ನಾವು ಮನಸ್ಸಿನಲ್ಲಿ ನೆನೆದ ಎಲೆಯನ್ನು ಮತ್ತೊಬ್ಬನು ಕಟ್ಟಿನಿಂದ ತಡವರಿಸದೆ ಎತ್ತಿ ತೋರಿಸಿದಾಗ ನಮ್ಮಲ್ಲಿ ಎರಡು ಆಸೆಗಳು ಒಟ್ಟಿಗೆ ಹುಟ್ಟುತ್ತವೆ. ಇದನ್ನು ಹೇಗೆ ಮಾಡಿದನೆಂದು ತಿಳಿಯಬೇಕೆಂಬುದು ಒಂದು. ತಿಳಿದೊಡನೆ ಇನ್ನೊಬ್ಬರಿಗೆ ಹೇಳಬೇಕೆಂಬುದು ಮತ್ತೊಂದು. ಮೊದಲನೆಯ ಆಸೆಯಿಂದಲೇ ವಿಜ್ಞಾನವು ಬೆಳೆದಿದೆ. ಎರಡನೆಯದು ಅಷ್ಟು ಸರಳವಾದುದಲ್ಲ. ಗುಟ್ಟನ್ನು ಕಾಯುವುದು ಜಾದೂಗಾರನ ವೃತ್ತಿಧರ್ಮ. ತಿಳಿದುದನ್ನು ಪ್ರಕಟಿಸುವುದು ವಿಜ್ಞಾನಿಯ ಧರ್ಮ. ಇವೆರಡರಲ್ಲಿ ಯಾವುದನ್ನು ಎಲ್ಲಿ ಮನ್ನಿಸಬೇಕು? ಇದನ್ನು ವಿಚಾರಿಸುವ ಮೊದಲು ಒಂದು ಗುಟ್ಟನ್ನಾದರೂ ಬುಡದಿಂದ ತುದಿಯವರೆಗೆ ತಿಳಿದುಕೊಳ್ಳುವುದು ಲೇಸು.

ಇಪ್ಪತ್ತೇಳು ಎಲೆಗಳ ಆಟ

ಒಂದು ಕಟ್ಟಿನಿಂದ ಯಾವುವಾದರೂ ೨೭ ಎಲೆಗಳನ್ನು ತೆಗೆದುಕೊಳ್ಳಿ. ನಿಮ್ಮ ಗೆಳೆಯನು ಅವುಗಳಲ್ಲಿ ಒಂದನ್ನು ಮನಸ್ಸಿನಲ್ಲಿ ನೆನೆದುಕೊಳ್ಳಲಿ. ೧ರಿಂದ ೨೭ರವರೆಗಿನ ಒಂದು ಸಂಖ್ಯೆಯನ್ನು ಮಾತ್ರ ಬಾಯಿಬಿಟ್ಟು ಹೇಳಲಿ. ಅವನು ೧೭ ಎಂದನೆಂದು ಇಟ್ಟುಕೊಳ್ಳೋಣ. ಈಗ ಎಲೆಗಳನ್ನು ಮುಖ ಕಾಣುವಂತೆ, ಎಡದಿಂದ ಬಲಕ್ಕೆ ಒಂದೊಂದಾಗಿ, ಮೂರು ಗುಡ್ಡೆಗಳಿಗೆ ಹಂಚುತ್ತ ಹೋಗಿ. ಒಂದೊಂದು ಗುಡ್ಡೆಗೂ ೯ ಎಲೆಗಳು ಬರುತ್ತವೆ. ತನ್ನ ಎಲೆಯು ಯಾವ ಗುಡ್ಡೆಯಲ್ಲಿದೆಯೆಂಬುದನ್ನಷ್ಟೇ ಗೆಳೆಯನು ತಿಳಿಸಬೇಕು. ಬಳಿಕ ಪ್ರತಿಯೊಂದು ಗುಡ್ಡೆಯನ್ನೂ ಬೋರಲಾಗಿ ತಿರುಗಿಸಿ, ಒಂದರ ಮೇಲೊಂದಿಟ್ಟು ಕೂಡಿಸಿ, ಮೇಲಿನಿಂದ ಮತ್ತೆ ಹಂಚಿ. ಹೀಗೆ ಒಟ್ಟು ಮೂರು ಸಲ ಹಂಚಿ, ಕೇಳಿ, ಕೂಡಿಸಬೇಕು. ಕೊನೆಯಲ್ಲಿ ಮೇಲಿನಿಂದ ಎಣಿಸುತ್ತ ಬಂದರೆ ೧೭ನೆಯ ಎಲೆಯೇ ಅವನು ನೆನೆದ ಎಲೆ!

ಇಲ್ಲಿ ಕೈಚಳಕವೇನೂ ಇಲ್ಲ. ಗುಟ್ಟೆಲ್ಲವೂ ಗುಡ್ಡೆಗಳನ್ನು ಕೂಡಿಸುವ ಕ್ರಮದಲ್ಲಿದೆ. ಗೆಳೆಯನು ತೋರಿಸಿದ ಗುಡ್ಡೆಯ ಮೇಲೆ ಉಳಿದ ಗುಡ್ಡೆಗಳಲ್ಲಿ ಎಷ್ಟನ್ನು ಇಡಬೇಕೆಂಬುದು ನಮ್ಮ ಇಷ್ಟ: ಸೊನ್ನೆ, ಒಂದು ಅಥವಾ ಎರಡು. ಮೊದಲನೆಯ ಸಲ ಮೇಲಿಟ್ಟ ಒಂದೊಂದು ಗುಡ್ಡೆಗೂ ೧ರ ಬೆಲೆ, ಎರಡನೆಯ ಸಲ ೩ರ ಬೆಲೆ, ಮೂರನೆಯ ಸಲ ೯ರ ಬೆಲೆ. ಇವುಗಳ ಮೊತ್ತವೇ ಕೊನೆಯಲ್ಲಿ ಅವನ ಎಲೆಯ ಮೇಲಿರುವ ಎಲೆಗಳ ಸಂಖ್ಯೆ. ಅವನ ಎಲೆಯು ೧೭ನೆಯದಾಗಬೇಕಾದರೆ ಅದರ ಮೇಲೆ ೧೬ ಎಲೆಗಳಿರಬೇಕಷ್ಟೆ. ೧೬ ಎಂದರೆ ಒಂದು ಒಂದು, ಎರಡು ಮೂರು, ಒಂದು ಒಂಬತ್ತು: ೧ + ೬ + ೯. ಆದುದರಿಂದ ಅವನ ಗುಡ್ಡೆಯನ್ನು ಮೊದಲ ಸಲ ನಡುವೆ, ಎರಡನೆಯ ಸಲ ತಳದಲ್ಲಿ, ಮೂರನೆಯ ಸಲ ಮತ್ತೆ ನಡುವೆ ಇಟ್ಟರಾಯಿತು.

ಬೆಲೆಗಳು ಹೀಗೇಕೆ ಬಂದುವು? ಮೂರನೆಯ ಸಲ ಮೇಲಿಟ್ಟ ಗುಡ್ಡೆಯನ್ನು ಮತ್ತೆ ಹಂಚುವುದಿಲ್ಲ. ಅದರ ೯ ಎಲೆಗಳೂ ಹಾಗೆಯೇ ಮೇಲೆ ಉಳಿಯುತ್ತವೆ. ಎರಡನೆಯ ಸಲ ಮೇಲಿಟ್ಟ ೯ ಎಲೆಗಳು ಮುಂದಿನ ಹಂಚಿಕೆಯಲ್ಲಿ ಮೂರು ಗುಡ್ಡೆಗಳಿಗೂ ಸಮನಾಗಿ ಹೋಗುವುದರಿಂದ ಅವನ ಎಲೆಯ ಮೇಲೆ ೩ ಮಾತ್ರ ನಿಲ್ಲುತ್ತವೆ. ಮೊದಲನೆಯ ಸಲದ ೯ ಎಲೆಗಳು ಎರಡು ಹಂಚಿಕೆಗಳಿಗೆ ಸಿಕ್ಕಿ ೩ ಆಗಿ, ಅನಂತರ ೧ ಆಗುತ್ತವೆ. ಇನ್ನು ಆಟದ ಆರಂಭದಲ್ಲಿ ಅವನ ಎಲೆಯು ಎಲ್ಲಿತ್ತೆಂಬುದು ನಮಗೆ ತಿಳಿಯದು, ತಿಳಿಯಬೇಕಾದುದೂ ಇಲ್ಲ. ಅದರ ಮೇಲೆ ಹೆಚ್ಚೆಂದರೆ ೨೬ ಎಲೆಗಳಿದ್ದಿರಬಹುದು. ಒಂದೊಂದು ಹಂಚಿಕೆಯಲ್ಲಿಯೂ ಅವು ಮೂರರಲ್ಲಿ ಒಂದು ಪಾಲಿಗೆ ಇಳಿದು, ೨೬ ಇದ್ದದ್ದು ೮, ೮ ಇದ್ದದ್ದು ೨, ೨ ಇದ್ದದ್ದು ೦ ಆಗಿ ಕರಗಿಹೋಗುತ್ತವೆ. ಗೆಳೆಯನ ಗುಟ್ಟಾದರೂ ಅಷ್ಟೇ: ಅವನ ಮೊದಲ ಉತ್ತರ ೨೭ ಎಲೆಗಳನ್ನು ೯ಕ್ಕೆ, ಎರಡನೆಯದು ೩ಕ್ಕೆ, ಮೂರನೆಯದು ಒಂದಕ್ಕೆ ಇಳಿಸುತ್ತದೆ. ಏನನ್ನೂ ಹೇಳಲಿಲ್ಲವೆಂದು ಅವನು ತಿಳಿದಿರುತ್ತಾನೆ. ವಾಸ್ತವವಾಗಿ ಎಲ್ಲವನ್ನೂ ಹೇಳಿಬಿಟ್ಟಿರುತ್ತಾನೆ.

ದಶಮಾನ ಪದ್ಧತಿಯಲ್ಲಿ ಬಿಡಿ, ಹತ್ತು, ನೂರು ಎಂಬ ಸ್ಥಾನಗಳಿರುವಂತೆ, ಇಲ್ಲಿ ಒಂದು, ಮೂರು, ಒಂಬತ್ತು ಎಂಬ ಸ್ಥಾನಗಳಿವೆ. ಎಂದರೆ, ಜಾದೂಗಾರನು ಮೇಜಿನ ಮೇಲೆ ಮೂರರ ಮಾನದಲ್ಲಿ ಒಂದು ಸಂಖ್ಯೆಯನ್ನು ಬರೆಯುತ್ತಿದ್ದಾನೆ! ಫ್ರಾನ್ಸಿನ ಗಣಿತಜ್ಞ ಗೆರ್ಗೋನ್ ಈ ಆಟವನ್ನು ೧೮೧೩-೧೪ರ ಸುಮಾರಿನಲ್ಲಿಯೇ ಗಣಿತದ ಸಮಸ್ಯೆಯಾಗಿ ವಿವೇಚಿಸಿದ್ದನು.

ತಿಳಿದ ಮೇಲೆ ಉಳಿಯುವುದೇನು?

ಈ ಗುಟ್ಟು ಬಯಲಾದುದರಿಂದ ನಮಗೆ ನಷ್ಟವೇನೂ ಆಗಲಿಲ್ಲ. ಒಂದು ಬೆರಗು ಹೋದ ಕಡೆ ಇನ್ನೊಂದು ಬೆರಗು ಬಂದಿದೆ. ಅಮೆರಿಕದ ಪರ್ಸಿ ಡಯಕೋನಿಸ್ ಎಂಬವನು ಹದಿನಾಲ್ಕನೆಯ ವಯಸ್ಸಿನಲ್ಲಿ ಮನೆಬಿಟ್ಟು, ಡಾಯ್ ವರ್ನನ್ ಎಂಬ ಪ್ರಸಿದ್ಧ ಜಾದೂಗಾರನ ಸಂಗಡ ಊರೂರು ತಿರುಗಿದನು. ಇಸ್ಪೀಟೆಲೆಯ ಪ್ರಶ್ನೆಗಳೇ ಅವನನ್ನು ಗಣಿತಕ್ಕೆ ಎಳೆದುವು. ಸ್ಟ್ಯಾನ್‌ಫರ್ಡಿನಲ್ಲಿ ಪ್ರಾಧ್ಯಾಪಕನಾದ ಅವನು, ಡೇವ್ ಬೇಯರನೊಡನೆ ೧೯೯೨ರಲ್ಲಿ ಪ್ರಕಟಿಸಿದ ಲೇಖನದಲ್ಲಿ, ೫೨ ಎಲೆಗಳ ಕಟ್ಟನ್ನು ಎರಡು ಭಾಗ ಮಾಡಿ ಸಾಮಾನ್ಯ ರೀತಿಯಲ್ಲಿ ಹೆಣೆದು ಕಲೆಸುವುದಾದರೆ, ಅದು ಚೆನ್ನಾಗಿ ಕಲೆಯಲು ಸುಮಾರು ಏಳು ಸಲವಾದರೂ ಕಲೆಸಬೇಕೆಂದು ತೋರಿಸಿದನು.

ಆದರೆ ಎಲ್ಲ ಗುಟ್ಟುಗಳೂ ಈ ಜಾತಿಯವಲ್ಲ. ಎಷ್ಟೋ ಆಟಗಳ ರಹಸ್ಯ ಒಂದೇ ವಾಕ್ಯದಲ್ಲಿ ಮುಗಿಯುತ್ತದೆ: ಒಂದೆಂದು ತೋರಿಸಿದಾಗ ಕೈಯಲ್ಲಿ ಎರಡು ಎಲೆಗಳಿದ್ದುವು, ಅಷ್ಟೇ. ಕೇಳಿದವನು 'ಇಷ್ಟೆಯೇ?' ಎಂದು ಮುಖ ಸಪ್ಪಗೆ ಮಾಡಿಕೊಳ್ಳುತ್ತಾನೆ. ಆ ಎರಡು ಎಲೆಗಳು ಒಂದರಂತೆ ಕಾಣುವುದಕ್ಕಾಗಿ ಕನ್ನಡಿಯ ಮುಂದೆ ತಿಂಗಳುಗಟ್ಟಲೆ ದುಡಿದ ಬೆರಳುಗಳ ಶ್ರಮವು ಆ ವಾಕ್ಯದಲ್ಲಿ ಇಲ್ಲ. ಇಂಥ ಗುಟ್ಟನ್ನು ದಾರಿಯಲ್ಲಿ ಹೋಗುವವರಿಗೆಲ್ಲ ಹೇಳುವವನು ಜ್ಞಾನವನ್ನು ಹಂಚುವುದಿಲ್ಲ. ಒಬ್ಬನ ದುಡಿಮೆಯನ್ನು ಹಾಳುಮಾಡಿ ಇನ್ನೊಬ್ಬನ ಸಂತೋಷವನ್ನೂ ಕಸಿಯುತ್ತಾನೆ.

ಈ ಸಂದಿಗ್ಧ ಇಂದಿನದಲ್ಲ. ೧೫೮೪ರಲ್ಲಿ ಇಂಗ್ಲೆಂಡಿನ ರೆಜಿನಾಲ್ಡ್ ಸ್ಕಾಟ್ ಎಂಬವನು ಮಾಟಗಾತಿಯರೆಂಬ ಆರೋಪಕ್ಕೆ ಗುರಿಯಾಗಿ ಪ್ರಾಣ ಕಳೆದುಕೊಳ್ಳುತ್ತಿದ್ದವರ ಪರವಾಗಿ ಒಂದು ಗ್ರಂಥವನ್ನು ಪ್ರಕಟಿಸಿದನು. ಅದ್ಭುತವೆಂದು ಕಂಡುದೆಲ್ಲ ಪಿಶಾಚಿಯ ಕೆಲಸವಲ್ಲ, ಮನುಷ್ಯನ ಕೈಯ ಕೆಲಸವೂ ಆಗಬಹುದೆಂದು ತೋರಿಸಲು ಅವನು ಇಸ್ಪೀಟೆಲೆ, ನಾಣ್ಯ, ಗುಂಡುಗಳ ಆಟಗಳನ್ನು ಅದರಲ್ಲಿ ಬಿಡಿಸಿ ಬರೆದನು. ಇದರಿಂದ ಹೊಟ್ಟೆ ಹೊರೆಯುವ ಬಡವರಿಗೆ ತೊಂದರೆಯಾಗುವುದೆಂದು ವ್ಯಥೆಪಡುತ್ತಲೇ ಬರೆದನು. ಒಂದು ಕಡೆ ಬಡವನ ಅನ್ನ, ಇನ್ನೊಂದು ಕಡೆ ನಿರಪರಾಧಿಯ ಪ್ರಾಣ. ತಕ್ಕಡಿ ಯಾವ ಕಡೆಗೆ ವಾಲಬೇಕೆಂಬುದರಲ್ಲಿ ಅವನಿಗೆ ಸಂದೇಹವಿರಲಿಲ್ಲ, ನಮಗೂ ಇರಬೇಕಾಗಿಲ್ಲ.

ವಿಜ್ಞಾನಿಗೂ ಕಣ್ಕಟ್ಟು

ಓದು ಬಲ್ಲವರನ್ನು ಇಂಥ ಆಟಗಳಿಂದ ವಂಚಿಸಲಾಗದೆಂದು ಕೆಲವರು ಭಾವಿಸಬಹುದು. ೧೯೭೯ರಲ್ಲಿ ಅಮೆರಿಕದ ಸೇಂಟ್ ಲೂಯಿಯ ವಾಷಿಂಗ್ಟನ್ ವಿಶ್ವವಿದ್ಯಾನಿಲಯದಲ್ಲಿ, ಮನೋಬಲದಿಂದ ಲೋಹವನ್ನು ಬಾಗಿಸಬಹುದೇ ಎಂಬಂಥ ಪ್ರಶ್ನೆಗಳನ್ನು ಪರೀಕ್ಷಿಸಲು ೫ ಲಕ್ಷ ಡಾಲರುಗಳ ದತ್ತಿಯಿಂದ ಒಂದು ಪ್ರಯೋಗಶಾಲೆ ಆರಂಭವಾಯಿತು. ಅದರ ಮುಖ್ಯಸ್ಥರು ಪೀಟರ್ ಫಿಲಿಪ್ಸ್ ಎಂಬ ಭೌತವಿಜ್ಞಾನಿ. ಜಾದೂಗಾರ ಜೇಮ್ಸ್ ರ‍್ಯಾಂಡಿ ಅವರಿಗೆ ಎಚ್ಚರಿಕೆಯ ಸೂಚನೆಗಳನ್ನು ಬರೆದು ಕಳುಹಿಸಿದನು; ಜೊತೆಗೆ, ಗುಟ್ಟಾಗಿ, ಕೈಚಳಕ ಬಲ್ಲ ಇಬ್ಬರು ಹುಡುಗರೂ ಅವನ ಒಪ್ಪಂದದಂತೆ ಅಲ್ಲಿಗೆ ಹೋದರು. ಚಮಚಗಳಿಗೆ ಗುರುತಿನ ಚೀಟಿಗಳನ್ನು ದಾರದಿಂದ ಕಟ್ಟಿ, ಅವುಗಳ ಬಾಗನ್ನು ಅಳೆದು ಇಡುತ್ತಿದ್ದರು. ಹುಡುಗರು ಚೀಟಿಗಳನ್ನೇ ಅದಲುಬದಲು ಮಾಡಿದರು! ಮರಳಿ ಅಳೆದಾಗ ಚಮಚ ಬಾಗಿದಂತೆ ಲೆಕ್ಕ ತೋರಿತು. ೧೯೮೩ರಲ್ಲಿ ರ‍್ಯಾಂಡಿಯೇ ಪತ್ರಿಕಾಗೋಷ್ಠಿಯಲ್ಲಿ ಎಲ್ಲವನ್ನೂ ಬಯಲುಮಾಡಿದನು.

ಇಲ್ಲಿ ಅಳತೆ ತಪ್ಪಲಿಲ್ಲ; ಅಳೆದ ವಸ್ತುವೇ ಬೇರೆಯಾಗಿತ್ತು. ಭೌತವಿಜ್ಞಾನವನ್ನು ಕಲಿಯುವ ನಾವು ಇದನ್ನು ಮರೆಯಲಾಗದು. ಪ್ರಕೃತಿಯು ತನ್ನ ನಿಯಮಗಳನ್ನು ಸುಲಭವಾಗಿ ಬಿಟ್ಟುಕೊಡುವುದಿಲ್ಲ, ನಿಜ. ಆದರೆ ನಾವು ಅತ್ತ ತಿರುಗಿದಾಗ ಅದು ಚೀಟಿ ಬದಲಾಯಿಸುವುದಿಲ್ಲ. ಮನುಷ್ಯನು ಬದಲಾಯಿಸಬಲ್ಲನು. 'ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು' ಎಂದ ನಮ್ಮ ಹಿರಿಯರಿಗೆ ಈ ಭೇದವು ಗೊತ್ತಿದ್ದಿರಬೇಕು.

ನಮ್ಮ ನಾಡಿನಲ್ಲಿಯೂ ಈ ಕೆಲಸ ನಡೆದಿದೆ. ೧೯೭೬ರಲ್ಲಿ ಬೆಂಗಳೂರು ವಿಶ್ವವಿದ್ಯಾನಿಲಯದ ಉಪಕುಲಪತಿಗಳಾಗಿದ್ದ ಡಾ. ಎಚ್. ನರಸಿಂಹಯ್ಯನವರು ಪವಾಡಗಳನ್ನೂ ಮೂಢನಂಬಿಕೆಗಳನ್ನೂ ವೈಜ್ಞಾನಿಕವಾಗಿ ಪರೀಕ್ಷಿಸಲು ಒಂದು ಸಮಿತಿಯನ್ನು ರಚಿಸಿದರು. ಅವರೂ ಭೌತವಿಜ್ಞಾನದ ಅಧ್ಯಾಪಕರೇ.

ಹಾಗಾದರೆ ನಿಯಮವೇನು? ನಮ್ಮ ಅಭಿಪ್ರಾಯದಲ್ಲಿ ಅದು ಆಟದ ಗುಟ್ಟನ್ನು ಅವಲಂಬಿಸಿಲ್ಲ. ಆಡುವವನ ಮಾತನ್ನು ಅವಲಂಬಿಸಿದೆ. 'ಇದು ಕಣ್ಕಟ್ಟು, ನೋಡಿ ಸಂತೋಷಪಡಿ' ಎಂದು ಜಾತ್ರೆಯಲ್ಲಿ ಬಟ್ಟೆ ಹಾಸಿ ಆಡುವ ಗಾರುಡಿಗನು ಸುಳ್ಳು ಹೇಳುತ್ತಿಲ್ಲ. ಅವನ ಗುಟ್ಟನ್ನು ಗುಂಪಿನಲ್ಲಿ ಕೂಗಿ ಹೇಳುವುದು ಜಾಣತನವಲ್ಲ, ಅನ್ಯಾಯ. ಕಲಿಯಬೇಕೆಂದು ಶ್ರದ್ಧೆಯಿಂದ ಬಂದವನಿಗೆ ಹೇಳಿಕೊಡುವುದು ವಿದ್ಯಾದಾನ, ಅದಕ್ಕೆ ಅಡ್ಡಿಯಿಲ್ಲ. ಅದೇ ಕೈಚಳಕವನ್ನು ಜೂಜಿನಲ್ಲಿ ಹಣ ದೋಚಲು ಬಳಸಿದರೆ, ಇಲ್ಲವೆ ದೈವೀಶಕ್ತಿಯೆಂದು ಹೇಳಿ ರೋಗಿಯನ್ನು ವೈದ್ಯರಿಂದ ದೂರವಿರಿಸಿದರೆ, ಆ ಗುಟ್ಟನ್ನು ಕಾಯುವ ಹೊಣೆ ಯಾರ ಮೇಲೂ ಇಲ್ಲ. ತಿಳಿದೂ ಸುಮ್ಮನಿರುವವನು ಆ ಮೋಸದಲ್ಲಿ ಪಾಲುದಾರನಾಗುತ್ತಾನೆ.

ವಿದ್ಯಾರ್ಥಿಗಳು ಇಪ್ಪತ್ತೇಳು ಎಲೆಗಳ ಆಟವನ್ನು ಕೈಗೆ ಹತ್ತುವವರೆಗೆ ಆಡಿ ನೋಡಬೇಕೆಂದು ನಮ್ಮ ಸಲಹೆ. ಗೆಳೆಯರು ಬೆರಗಾಗಿ ಕೇಳಿದಾಗ ಕೂಡಲೇ ಹೇಳಬೇಡಿ. ಮೂರು ಸಲವೂ ಗುಡ್ಡೆಯನ್ನು ನಡುವೆಯೇ ಇಟ್ಟರೆ ಎಲೆಯು ಎಷ್ಟನೆಯದಾಗುವುದೆಂದು ಅವರನ್ನೇ ಕೇಳಿ. ೧೪ ಎಂಬ ಉತ್ತರವನ್ನು ತಾವಾಗಿಯೇ ಕಂಡುಕೊಂಡವರಿಗೆ ಮಿಕ್ಕ ಗುಟ್ಟನ್ನು ನೀವು ಹೇಳಬೇಕಾದ ಪ್ರಸಂಗವೇ ಬರುವುದಿಲ್ಲ.