ಕಾರ್ಯಪ್ಪ ಜಯಂತಿ

ಕಾರ್ಯಪ್ಪ ಜಯಂತಿಯು ಭಾರತೀಯ ಭೂಸೇನೆಯ ಮೊದಲ ಭಾರತೀಯ ಮಹಾದಂಡನಾಯಕರಾದ ಫೀಲ್ಡ್ ಮಾರ್ಷಲ್ ಕೊಡಂದೇರ ಮಾದಪ್ಪ ಕಾರ್ಯಪ್ಪನವರ ಜನ್ಮದಿನದ ಆಚರಣೆ. ಇದು ಪ್ರತಿವರ್ಷ ಜನವರಿ 28ರಂದು ಕೊಡಗಿನಲ್ಲಿ ನಡೆಯುತ್ತದೆ. ಅವರು 1899ರಲ್ಲಿ ಶನಿವಾರಸಂತೆಯಲ್ಲಿ ಜನಿಸಿದರು.

ಸ್ವಾತಂತ್ರ್ಯಾನಂತರವೂ ಹದಿನೇಳು ತಿಂಗಳ ಕಾಲ ಭೂಸೇನೆಯ ನಾಯಕತ್ವ ಬ್ರಿಟಿಷ್ ಅಧಿಕಾರಿಗಳಲ್ಲೇ ಉಳಿದಿತ್ತು. 1949ರ ಜನವರಿ 15ರಂದು ಜನರಲ್ ರಾಯ್ ಬುಚರ್ ಅವರಿಂದ ಕಾರ್ಯಪ್ಪನವರು ಅಧಿಕಾರ ವಹಿಸಿಕೊಂಡರು. ಆ ದಿನವನ್ನು ದೇಶವು ಭೂಸೇನಾ ದಿನವಾಗಿ ಆಚರಿಸುತ್ತದೆ. ಭೂಸೇನಾ ದಿನವು ಅಧಿಕಾರ ಹಸ್ತಾಂತರವನ್ನು ಸ್ಮರಿಸಿದರೆ, ಜಯಂತಿಯು ತವರು ಜಿಲ್ಲೆ ತನ್ನ ಮಗನನ್ನು ನೆನೆಯುವ ದಿನವಾಗಿದೆ.

1986ರಲ್ಲಿ ಅವರಿಗೆ ಫೀಲ್ಡ್ ಮಾರ್ಷಲ್ ಪದವಿ ದೊರೆಯಿತು, 1993ರಲ್ಲಿ ನಿಧನರಾದರು. ಮಡಿಕೇರಿಯ ಕಾಲೇಜೊಂದು ಅವರ ಹೆಸರನ್ನು ಹೊಂದಿದ್ದು, ಗೋಣಿಕೊಪ್ಪಲಿನಲ್ಲಿ 2017ರಲ್ಲಿ ಅವರ ಪ್ರತಿಮೆ ಅನಾವರಣಗೊಂಡಿತು.