ವಿಳಾಸದಲ್ಲೇ ಬರೆದ ಪಾಸ್‌ವರ್ಡು

ಡಿ.ಟಿ.ಪಿ. ಕೇಂದ್ರಗಳಿಗೂ ಮುದ್ರಣಾಲಯಗಳಿಗೂ ನಡುವೆ, ಇ-ಮೇಲಿನ ಮಿತಿಗೆ ಒಗ್ಗದ ದೊಡ್ಡ ಕಡತಗಳನ್ನು ರವಾನಿಸುವ ಪ್ರಸಂಗ ಬಂದಾಗಲೆಲ್ಲ ಬಹುಕಾಲ ನೆರವಿಗೊದಗಿದುದು ಎಫ್‌ಟಿಪಿ ಕೊಂಡಿ. ಮೊದಲು ಎಫ್‌ಟಿಪಿ ಎಂಬ ಅಕ್ಷರಗಳು, ಅನಂತರ ಕೋಲನ್ ಚಿಹ್ನೆ ಮತ್ತು ಎರಡು ಓರೆಗೆರೆ, ಆಮೇಲೆ ಬಳಕೆದಾರನ ಹೆಸರು, ಮತ್ತೊಂದು ಕೋಲನ್, ಅದರ ಬೆನ್ನಿಗೇ ಪಾಸ್‌ವರ್ಡು, @ ಚಿಹ್ನೆ, ಕಟ್ಟಕಡೆಗೆ ಸರ್ವರಿನ ಹೆಸರು: ಮನೆಯ ವಿಳಾಸದೊಡನೆ ಬೀಗದಕೈಯನ್ನೂ ಅದೇ ಕಾರ್ಡಿನಲ್ಲಿ ಅಂಟಿಸಿ ಅಂಚೆಗೆ ಹಾಕಿದಂತಹ ಈ ಏರ್ಪಾಡು ಜಾಲವಿಳಾಸಗಳ ರಚನೆಯನ್ನು ಕುರಿತ 1994ರ ನಿಯಮಾವಳಿಯಲ್ಲಿ ವಿಧಿವತ್ತಾಗಿಯೇ ಅಂಗೀಕೃತವಾಗಿತ್ತು.

ಅಲಹಾಬಾದಿನಲ್ಲಿ ಜನಿಸಿ, ಕಾನ್ಪುರದ ಐಐಟಿಯ ಮೊದಲ ತಂಡದಲ್ಲಿ ಓದಿ, ಅಮೆರಿಕದ ಎಂಐಟಿಗೆ ತೆರಳಿದ ಅಭಯ್ ಭೂಷಣರು 1971ರ ಏಪ್ರಿಲಿನಲ್ಲಿ ಕಡತ ರವಾನೆಯ ನಿಯಮವಾದ ಈ ಎಫ್‌ಟಿಪಿಯ ಪ್ರಥಮ ರೂಪವನ್ನು ಬರೆದಾಗ, ಜಾಲವೆಂಬುದು ಕೆಲವೇ ವಿದ್ಯಾಸಂಸ್ಥೆಗಳ ಪರಿಚಿತವಲಯವಾಗಿತ್ತು. ಆದುದರಿಂದ ಪಾಸ್‌ವರ್ಡು ತಂತಿಯ ಮೇಲೆ ಯಾವ ಆವರಣವೂ ಇಲ್ಲದೆ ಸಾಗುವುದು ಆಗ ಯಾರಿಗೂ ದೋಷವಾಗಿ ತೋರದಿದ್ದುದರಲ್ಲಿ ಆಶ್ಚರ್ಯವಿಲ್ಲ. ಇಂದಿಗೂ ಅದರ ಸಂಭಾಷಣೆ ಸರಳವೇ: ಹೆಸರು ಹೇಳಿದರೆ ಸರ್ವರು 331 ಎಂದು ಪಾಸ್‌ವರ್ಡನ್ನು ಕೇಳುತ್ತದೆ, ಅದು ಸರಿಯಾಗಿದ್ದರೆ 230 ಎಂದು ಒಳಬಿಡುತ್ತದೆ.

ತೊಡಕು ಹುಟ್ಟುತ್ತಿದ್ದುದು ಬಹುಮಟ್ಟಿಗೆ ಪಾಸ್‌ವರ್ಡಿನ ಅಕ್ಷರಗಳಿಂದಲೇ. ಅದರೊಳಗೆ ಒಂದು ಓರೆಗೆರೆಯಿದ್ದರೆ ಸರ್ವರಿನ ಹೆಸರು ಅಲ್ಲಿಗೇ ಮುಗಿಯಿತೆಂದು ಬ್ರೌಸರು ಭಾವಿಸಿ, ಇಲ್ಲದ ಯಂತ್ರವನ್ನು ಹುಡುಕುತ್ತ ಹೊರಡುವುದು. @ ಇದ್ದರೆ ಪಾಸ್‌ವರ್ಡು ಎಲ್ಲಿಗೆ ಕೊನೆಗೊಂಡಿತೆಂಬುದೇ ಸಂದಿಗ್ಧವಾಗುವುದು. ಆ ಚಿಹ್ನೆಯ ಬದಲು %40, ಓರೆಗೆರೆಗೆ %2F, #ಗೆ %23 ಎಂದು ಬರೆಯತಕ್ಕದ್ದೆಂಬ ನಿಯಮವೇನೋ ಉಂಟು. ಆದರೆ ಗಡಿಬಿಡಿಯಲ್ಲಿ ಕೊಂಡಿ ಕಳುಹಿಸುವ ಗುಮಾಸ್ತನಿಗೆ ಅದನ್ನು ತಿಳಿಸಿದವರು ಯಾರು?

ಬ್ರೌಸರುಗಳೂ ಏಕಪ್ರಕಾರವಾಗಿ ವರ್ತಿಸುತ್ತಿರಲಿಲ್ಲ. ಇಂಟರ್ನೆಟ್ ಎಕ್ಸ್‌ಪ್ಲೋರರಿನ 6ನೆಯ ಆವೃತ್ತಿ ದೂರದ ಕಡತಗಳನ್ನು ನಮ್ಮದೇ ಫೋಲ್ಡರಿನಂತೆ ತೋರಿಸಿ, ಪುಟಗಳನ್ನು ಎಳೆದು ಅದರೊಳಗೆ ಬಿಡುವುದಕ್ಕೂ ಅವಕಾಶವೀಯುತ್ತಿದ್ದರೆ, ಫೈರ್‌ಫಾಕ್ಸು ಮತ್ತು ಕ್ರೋಮು ಬರಿಯ ಪಟ್ಟಿಯನ್ನು ಮುಂದಿಟ್ಟು, ಇಳಿಸಿಕೊಳ್ಳುವುದಕ್ಕೆ ಮಾತ್ರ ಒಪ್ಪುತ್ತಿದ್ದವು. ಸಫಾರಿಯಾದರೋ ಕೆಲಸವನ್ನು ಮ್ಯಾಕಿನ ಫೈಂಡರಿಗೆ ವಹಿಸಿ ಕೈತೊಳೆದುಕೊಳ್ಳುತ್ತಿತ್ತು.

ಈ ಪದ್ಧತಿಯ ಮೇಲೆ ಸಂಶಯ ಬಲಿತುದು ವಂಚಕರ ದೆಸೆಯಿಂದ. @ ಚಿಹ್ನೆಗೆ ಮುಂಚೆ ಪ್ರಸಿದ್ಧ ಬ್ಯಾಂಕೊಂದರ ಹೆಸರನ್ನಿಟ್ಟು, ಅನಂತರ ತಮ್ಮ ಯಂತ್ರದ ವಿಳಾಸವನ್ನು ಬರೆದು ಮುಗ್ಧರನ್ನು ಮೋಸಗೊಳಿಸುವುದು ಅತಿಯಾಗಿ, 2004ರ ಫೆಬ್ರವರಿಯಲ್ಲಿ ಮೈಕ್ರೋಸಾಫ್ಟು ತನ್ನ ಬ್ರೌಸರಿನಲ್ಲಿ ಸಾಮಾನ್ಯ ವೆಬ್ ವಿಳಾಸಗಳಿಗೆ ಈ ರೂಪವನ್ನು ನಿಷೇಧಿಸಿತು. ಎಫ್‌ಟಿಪಿಗೆ ಆಗ ವಿನಾಯಿತಿ ದೊರೆತರೂ, 2021ರಲ್ಲಿ ಅದರ ಸರದಿಯೂ ಬಂದಿತು: ಫೈರ್‌ಫಾಕ್ಸು ಜುಲೈಯಲ್ಲಿ 90ನೆಯ ಆವೃತ್ತಿಯಿಂದ, ಕ್ರೋಮು ಅಕ್ಟೋಬರಿನಲ್ಲಿ 95ನೆಯ ಆವೃತ್ತಿಯಿಂದ ಅದನ್ನು ಸಂಪೂರ್ಣವಾಗಿ ಕಿತ್ತುಹಾಕಿದವು. ಅನುಕೂಲವೊಂದು ನಷ್ಟವಾದುದು ನಿಜವೇ ಆದರೂ, ಬ್ರೌಸರಿನ ಇತಿಹಾಸಪಟ್ಟಿಯಲ್ಲಿಯೂ ಕಚೇರಿಯ ಹತ್ತು ಪತ್ರಗಳಲ್ಲಿಯೂ ಅಚ್ಚಳಿಯದೆ ಉಳಿಯುವ ಪಾಸ್‌ವರ್ಡನ್ನು ಪಾಸ್‌ವರ್ಡೆಂದು ಕರೆಯುವುದೇ ಕಷ್ಟವಾದುದರಿಂದ, ನಾನು ಆ ನಿರ್ಧಾರವನ್ನು ಆಕ್ಷೇಪಿಸಲಾರೆ.

ಹಳೆಯ ಕೊಂಡಿ ಕೈಯಲ್ಲುಳಿದವರು ಅದನ್ನು ವಿಂಡೋಸಿನ ಫೈಲ್ ಎಕ್ಸ್‌ಪ್ಲೋರರಿನ ವಿಳಾಸದ ಜಾಗದಲ್ಲಿ ಅಂಟಿಸಿಯೋ, ಫೈಲ್‌ಜಿಲ್ಲಾದಂತಹ ತಂತ್ರಾಂಶದಲ್ಲಿ ಹೆಸರು, ಪಾಸ್‌ವರ್ಡು, ಸರ್ವರುಗಳನ್ನು ಬೇರೆಬೇರೆ ಮನೆಗಳಲ್ಲಿ ತುಂಬಿಯೋ ಕೆಲಸ ಸಾಗಿಸಬಹುದು. ಹಾಗೆ ಬೇರ್ಪಡಿಸಿ ತುಂಬಿದಾಗ %40ರ ಗೊಡವೆಯೂ ಇರುವುದಿಲ್ಲ. ಆದರೆ ಅದಕ್ಕೂ ಮುನ್ನ, ಎಲ್ಲವನ್ನೂ ಗೂಢಲಿಪಿಯಲ್ಲಿ ಸಾಗಿಸುವ ಎಸ್‌ಎಫ್‌ಟಿಪಿಯ ಸೌಕರ್ಯ ತಮ್ಮಲ್ಲಿದೆಯೇ ಎಂದು ಮುದ್ರಣಾಲಯದವರನ್ನು ಒಂದು ಮಾತು ಕೇಳಿ ನೋಡುವುದು ಲೇಸು.